ಹಡಗು ನಿಲ್ಲೋದು ಒಂದೇ ದಿನ, ಏನ್ ನೋಡೋದ್ರಿ?

ಪ್ರಶ್ನೆ: ನಮಸ್ಕಾರ್ರೀ. ಮಗ ಲಂಡನ್‌ದಾಗ ಕೆಲಸಕ್ಕದಾನ, ಜೂನ್‌ದಾಗ ನಮ್ಮಿಬ್ಬರಿಗೂ ಕ್ರೂಸ್ ಟಿಕೆಟ್ ತಗಸ್ಯಾನ. ಹಡಗು ಸ್ಕಾಟ್ಲೆಂಡಿನ ಇನ್ವರ್‌ಗಾರ್ಡನ್ ಬಂದರದಾಗ ಮುಂಜಾನಿಂದ ಸಂಜಿತನಕ ನಿಲ್ತದಂತ. ಅಲ್ಲಿಂದ ಕೋಟೆ, ಲಾಕ್ ನೆಸ್ ಸರೋವರ ತೋರಿಸ್ಲಿಕ್ಕೆ ಹಡಗಿನವ್ರು ಬ್ಯಾರೆ ರೊಕ್ಕ ಕೇಳ್ತಾರ. ನಮ್ಮ ಯಜಮಾನ್ರು, ಬೀದರ್ ಕೋಟೆ ನೋಡಿದವರಿಗೆ ಅದೇನ್ ದೊಡ್ಡದು, ನೋಡೋದೇ ಇದ್ರ ಟ್ಯಾಕ್ಸಿ ಮಾಡ್ಕೊಂಡು ಹೋಗೋಣ ಅಂತಾರ. ಅವರಿಗೆ ಮೊಣಕಾಲು ನೋವೂ ಅದ. ಏನ್ ಮಾಡೋದ್ರಿ?
– ಕಲಬುರಗಿಯ ಓದುಗರು

ಉತ್ತರ: ಅಕ್ಕಾರ, ಯಜಮಾನ್ರ ಮಾತು ಅರ್ಧ ಖರೆ ಅದ. ಲಾಕ್ ನೆಸ್ ದಂಡಿಗಿರೋ ಅರ್ಕರ್ಟ್ ಕೋಟೆ ಬರೇ ಹಾಳು ಗೋಡೆ, ಬೀದರ್ ಕೋಟೆಯೊಳಗಿನ ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕೆಲಸ ನೋಡಿದ ಕಣ್ಣಿಗೆ ಅಲ್ಲಿ ಏನೂ ಹತ್ತಂಗಿಲ್ಲ. 1692ರಾಗ ಅಲ್ಲಿದ್ದ ಸೈನಿಕರೇ ಬಿಟ್ಟು ಹೋಗೋ ಮುಂದ ವೈರಿಗಳ ಕೈಗೆ ಸಿಗಬಾರದಂತ ಮದ್ದಿಟ್ಟು ಹಾರಿಸಿಬಿಟ್ರು. ನಮ್ಮ ಬೀದರಿನ ಮಹಮೂದ್ ಗಾವಾನ್ ಮದರಸಾದ ಒಂದು ಮಿನಾರೂ ಮದ್ದು ಸಿಡಿದೇ ಹೋಯ್ತು ಅಂತಾರಲ್ರೀ, ಹಂಗ. ಆದ್ರ ಅಲ್ಲಿ ಕೋಟೆಗಿಂತ ಅದು ಕುಂತ ಜಾಗ ನೋಡಬೇಕು, ಕೆಳಗ 37 ಕಿಲೋಮೀಟರ್ ಉದ್ದದ ನೀರು, ಆಳ ಸುಮಾರು 230 ಮೀಟರ್, ಗುಡ್ಡದ ಕೊಳೆತ ಸಸ್ಯದ ಕರಿ ಮಣ್ಣು ಹರಿದು ಬಂದು ಹಾಲು ಹಾಕದ ಚಾದ ಬಣ್ಣ ಆಗ್ಯದ. ಈ ಸರೋವರದಾಗ ಅದ ಅಂತ 1933ರಿಂದ ಪೇಪರಿನಾಗ ಸುದ್ದಿಯಾದ ನೆಸ್ಸಿ ಅನ್ನೋ ಪ್ರಾಣಿ ಅಂತೂ ನಿಮಗ ಸಿಗಂಗಿಲ್ಲ ಬಿಡ್ರಿ.

ಟ್ಯಾಕ್ಸಿ ಬಗ್ಗೆ ಮಾತ್ರ ನಾ ಯಜಮಾನ್ರ ಕಡೆ ಇಲ್ಲ. ಬಂದರದಿಂದ ಕೋಟೆಗೆ ಒಂದು ಕಡಿಗೇ ಸುಮಾರು 65 ಕಿಲೋಮೀಟರ್, ಕಲಬುರಗಿಯಿಂದ ಹುಮನಾಬಾದಕ್ಕ ಹೋದಂಗ, ನಡುವ ಇನ್ವರ್ನೆಸ್ ಊರಿನ ಟ್ರಾಫಿಕ್ ಬ್ಯಾರೆ. ಹಡಗಿನ ಟೂರ್ ಬಸ್ಸು ತಡಾ ಆದ್ರ ಹಡಗು ಕಾಯ್ತದ, ನೀವೇ ಹೋಗಿ ತಡಾ ಮಾಡಿದ್ರ ಕಾಯಂಗಿಲ್ಲ, ಮುಂದಿನ ಬಂದರಕ್ಕ ನಿಮ್ಮ ಖರ್ಚಿನಾಗ ನೀವೇ ಹೋಗಿ ಮುಟ್ಟಬೇಕು. ಮಗ ಜೋಡಿ ಇದ್ರ ಒಂದ್ ಮಾತು, ಇಬ್ಬರೇ ಆದ್ರ ರೊಕ್ಕ ಹೋದ್ರ ಹೋಗ್ಲಿ, ಹಡಗಿನ ಬಸ್ಸೇ ಹತ್ರಿ.

ಮೊಣಕಾಲಿಗೆ ಅಂದ್ರ, ಅರ್ಕರ್ಟ್‌ದಾಗ ಟಿಕೆಟ್ ಕಟ್ಟಡ ಮ್ಯಾಲ ಅದ, ಕೋಟೆ ಕೆಳಗ, ಇಳಿಯೋದು ಸಲೀಸು, ಹತ್ತೋ ಮುಂದ ತ್ರಾಸು. ಯಜಮಾನ್ರು ಮ್ಯಾಲೇ ಕುಂತು ಚಾ ಕುಡೀಲಿ, ಕೋಟೆ ಸರೋವರ ಎರಡೂ ಅಲ್ಲಿಂದಲೇ ಕಾಣ್ತಾವ. ಛತ್ತಿರೋ, ಸಾಮಾನಿರೋ ಕೋಟೆನೇ ಬೇಕಂದ್ರ ಕಾಡರ್ ಕೋಟೆ ಇರೋ ಟೂರ್ ತಗೋರಿ, ಅದರ ಬುರುಜಿನೊಳಗ ಒಂದು ಹಳೇ ಒಣ ಮರ ನಿಂತದ, ಅದರ ಸುತ್ತಲೇ ಕೋಟೆ ಕಟ್ಟ್ಯಾರ, ನನಗಂತೂ ಅದೇ ಭಾಳ ಸೇರ್ತು. ಎರಡೂ ಒಂದೇ ದಿನ ತೋರಿಸ್ತೀವಿ ಅನ್ನೋ ಟೂರ್ ಮಾತ್ರ ಬ್ಯಾಡ, ದಿನಾ ಎಲ್ಲಾ ಬಸ್ಸಿನಾಗೇ ಹೋಗ್ತದ.

ಇನ್ನ ವೀಸಾ. ಯುರೋಪಿನ ಭಾಳ ದೇಶಕ್ಕ ನಡೆಯೋ ಷೆಂಗೆನ್ ವೀಸಾ ಸ್ಕಾಟ್ಲೆಂಡಿಗೆ ನಡೆಯಂಗಿಲ್ಲ, ಬ್ರಿಟನ್ನಿನದೇ ಬೇಕು. ಜೂನ್ ಅಂದ್ರೂ ಮಳಿ ಇರ್ತದ, ರೇನ್‌ಕೋಟ್ ಇಟ್ಕೊಳ್ರಿ. ಮಗನಿಗಂತ ಪೇಡೆ ಕಟ್ಕೊಂಡು ಹೋಗಬ್ಯಾಡ್ರಿ, ಇಲ್ಲಿಂದ ಹಾಲಿನ ಪದಾರ್ಥ ಬ್ರಿಟನ್ನಿಗೆ ಒಯ್ಲಿಕ್ಕೆ ಬಿಡಂಗಿಲ್ಲ, ಏರ್‌ಪೋರ್ಟಿನಾಗೇ ಕಸ್ಕೋತಾರ.