ದೊಡ್ಡ ಶಾಲೆಯೋ, ಸಣ್ಣ ಶಾಲೆಯೋ?

ಅಕ್ಕ ಅಂತ ಕರೆದಿದ್ದೀಯ, ಅದಕ್ಕೆ ನಾನೂ ಏಕವಚನದಲ್ಲೇ ಬರೆಯುತ್ತೇನೆ. ನ್ಯೂಜೆರ್ಸಿಗೆ ಬರುವ ಮೊದಲು ಬಾಡಿಗೆ, ಕಾರು, ಚಳಿ ಎಲ್ಲಾ ಕೇಳಿದ್ದೀಯ. ಇಲ್ಲಿನ ಎಡಿಸನ್ ಊರಿನ ಸುತ್ತಮುತ್ತ ನಮ್ಮವರು ಜಾಸ್ತಿ, ಬಾಡಿಗೆಯೂ ಜಾಸ್ತಿ. ಕಾರಿಲ್ಲದೆ ಆಗುವುದಿಲ್ಲ. ದಪ್ಪ ಜಾಕೆಟ್ ಅಲ್ಲಿಂದ ಹೊತ್ತು ತರಬೇಡ, ಇಲ್ಲೇ ತಗೋ. ಇನ್ನು ನಿನ್ನ ಕೊನೆಯ ಪ್ರಶ್ನೆ. ಅದನ್ನು ಓದಿ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ನಿನ್ನ ಮಗ ದಾವಣಗೆರೆಯಲ್ಲಿ ಎರಡು ವರ್ಷ ಕುಸ್ತಿ ಕಲಿತಿದ್ದಾನೆ, ಇಲ್ಲಿ ಒಂಬತ್ತನೇ ಕ್ಲಾಸಿಗೆ ಸೇರಬೇಕು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಶಾಲೆಯ ಮಕ್ಕಳ ಸಂಖ್ಯೆ ನೋಡಿ ಕುಸ್ತಿಗೆ ಎರಡು ವರ್ಗ ಮಾಡಿದ್ದಾರೆ. ನ್ಯೂಜೆರ್ಸಿಯಲ್ಲಿ ಒಬ್ಬೊಬ್ಬರಾಗಿ ಆಡುವ ರಾಜ್ಯ ಕುಸ್ತಿಗೆ ಆ ಭೇದವೇ ಇಲ್ಲ. ಸಣ್ಣ ಶಾಲೆಯ ಹುಡುಗನಿಗೆ ಇದು ಅನ್ಯಾಯ ಅಲ್ವಾ, ಹಾಗಾದರೆ ದೊಡ್ಡ ಶಾಲೆ ಇರುವ ಊರಲ್ಲೇ ಮನೆ ಮಾಡಲಾ ಅಂತ ಕೇಳಿದ್ದೀಯ.

ನಾನು ಬಂದದ್ದು 2006ರ ಜನವರಿಯಲ್ಲಿ. ನ್ಯೂವಾರ್ಕ್‌ನಲ್ಲಿ ಇಳಿದಾಗ ಮಗನಿಗೆ ಆರು ವರ್ಷ, ಕಾಲಲ್ಲಿ ಬಾಟಾ ಚಪ್ಪಲಿ, ಹೊರಗೆ ಹಿಮ. ಮೊದಲು ಇದ್ದದ್ದು ಒಂದು ಸಣ್ಣ ಊರಲ್ಲಿ. ಹೈಸ್ಕೂಲಿನಲ್ಲಿ ನಾನೂರು ಮಕ್ಕಳಿದ್ದರೆ ಹೆಚ್ಚು. ಪಕ್ಕದ ಮನೆಯ ಹುಡುಗ ಇವನನ್ನು ಊರಿನ ಕುಸ್ತಿ ಕ್ಲಾಸಿಗೆ ಕರೆದುಕೊಂಡು ಹೋದ. ಮೈಸೂರಿನಲ್ಲಿ ನಮ್ಮಪ್ಪ ದಸರಾ ಕುಸ್ತಿಯನ್ನು ಒಂದು ವರ್ಷವೂ ತಪ್ಪಿಸಿದವರಲ್ಲ, ನನ್ನನ್ನೂ ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಮೊಮ್ಮಗ ಕುಸ್ತಿಗೆ ಸೇರಿದ ಅಂತ ಫೋನಿನಲ್ಲಿ ಹೇಳಿದಾಗ ಅಪ್ಪನ ದನಿ ನಡುಗಿತ್ತು.

ಮಗ ಎಂಟನೇ ಕ್ಲಾಸ್ ಮುಗಿಸಿದಾಗ ನಾವು ಊರು ಬದಲಿಸಿದೆವು. ಎರಡು ಸಾವಿರ ಮಕ್ಕಳ ಶಾಲೆ, ಒಳ್ಳೆಯ ರೇಟಿಂಗ್. ಕುಸ್ತಿಗೂ ಒಳ್ಳೆಯದು ಅಂತ ನಾನೇ ಗಂಡನನ್ನು ಒಪ್ಪಿಸಿದೆ. ಆಗ ನನಗೆ ಒಂದು ವಿಷಯ ಗೊತ್ತಿರಲಿಲ್ಲ, ಅದನ್ನು ನೀನು ಮನೆ ಹುಡುಕುವ ಮೊದಲೇ ತಿಳಿದುಕೋ. ಇಲ್ಲಿ ಹುಡುಗರ ಕುಸ್ತಿಗೆ ಒಟ್ಟು 14 ತೂಕದ ವಿಭಾಗಗಳು, 106 ಪೌಂಡಿನಿಂದ 285ರವರೆಗೆ. ಮುಖ್ಯ ತಂಡದಲ್ಲಿ ಒಂದು ತೂಕಕ್ಕೆ ಶಾಲೆಯಿಂದ ಒಬ್ಬನೇ. ಶಾಲೆಯಲ್ಲಿ ನಾನೂರು ಮಕ್ಕಳಿದ್ದರೂ ಒಬ್ಬ, ಎರಡು ಸಾವಿರವಿದ್ದರೂ ಒಬ್ಬ. ಮಿಕ್ಕವರಿಗೆ ಜೂನಿಯರ್ ತಂಡ.

ನನ್ನ ಮಗ 132 ಪೌಂಡ್, ಅಂದರೆ ಹತ್ತಿರಹತ್ತಿರ ಅರವತ್ತು ಕಿಲೋ. ಅದೇ ತೂಕದಲ್ಲಿ ಅವನ ವಯಸ್ಸಿನವನೇ ಇನ್ನೊಬ್ಬ ಹುಡುಗ, ಐದು ವರ್ಷದಿಂದ ಕ್ಲಬ್ಬಿನಲ್ಲಿ ತಯಾರಾದವನು. ಜಾಗ ಯಾರಿಗೆ ಅಂತ ತೀರ್ಮಾನಿಸಲು ಶಾಲೆಯೊಳಗೇ ಇಬ್ಬರನ್ನೂ ಆಡಿಸುತ್ತಾರೆ. ಮೂರು ವರ್ಷ ಮೂರು ಸಲವೂ ನನ್ನ ಮಗ ಸೋತ, ಎರಡು ಸಲ ಒಂದೇ ಒಂದು ಪಾಯಿಂಟಿಗೆ. ಆ ಹುಡುಗನ ತಪ್ಪಿಲ್ಲ, ಕೋಚ್ ತಪ್ಪೂ ಇಲ್ಲ.

ಒಂದು ಸಂಜೆ ನಾವು ಬಿಟ್ಟುಬಂದ ಆ ಸಣ್ಣ ಶಾಲೆಯ ತಂಡ ನಮ್ಮ ಶಾಲೆಗೆ ಆಡಲು ಬಂತು. ಜಿಮ್‌ನ ದೀಪವೆಲ್ಲಾ ಆರಿಸಿ, ಮ್ಯಾಟಿನ ಮೇಲೆ ಒಂದೇ ದೀಪ ಉರಿಸಿದ್ದರು. 132 ಅಂತ ಮೈಕಿನಲ್ಲಿ ಕೂಗಿದರು. ನಮ್ಮ ಶಾಲೆಯ ಆ ಇನ್ನೊಬ್ಬ ಹುಡುಗ ಹೋಗಿ ಮಧ್ಯದಲ್ಲಿ ನಿಂತ. ಆ ಕಡೆಯ ಕುರ್ಚಿಗಳಿಂದ ಯಾರೂ ಏಳಲಿಲ್ಲ. ಆ ತೂಕಕ್ಕೆ ಅವರ ಹತ್ತಿರ ಹುಡುಗನೇ ಇರಲಿಲ್ಲ. ರೆಫರಿ ಬಂದು ನಮ್ಮವನ ಕೈ ಎತ್ತಿ ಬಿಟ್ಟರು. ತಂಡಕ್ಕೆ ಆರು ಪಾಯಿಂಟ್, ಎದುರಾಳಿಯನ್ನು ಚಿತ್ ಮಾಡಿದರೆ ಸಿಗುವಷ್ಟೇ. ಎಲ್ಲಾ ಸೇರಿ ಹತ್ತು ಸೆಕೆಂಡೂ ಆಗಲಿಲ್ಲ. ನನ್ನ ಮಗ ಎರಡನೇ ಸಾಲಿನಲ್ಲಿ ಶಾಲೆಯ ಜಾಕೆಟ್ ಹಾಕಿಕೊಂಡು ಕೂತಿದ್ದ. ಕತ್ತಿನವರೆಗೂ ಜಿಪ್ ಎಳೆದುಕೊಂಡಿದ್ದ. ಮನೆಗೆ ಬರುವಾಗ ಕಾರಿನಲ್ಲಿ ಒಂದೇ ಮಾತು ಹೇಳಿದ: "ಅಮ್ಮಾ, ಅಲ್ಲಿ ನನ್ನ ಜಾಗ ಖಾಲಿ ಇತ್ತು."

ನಾನು ಉತ್ತರ ಕೊಡಲಿಲ್ಲ. ಇವತ್ತಿಗೂ ಕೊಟ್ಟಿಲ್ಲ. ಹನ್ನೆರಡನೇ ಕ್ಲಾಸಿಗೆ ಅವನು ಕುಸ್ತಿಗೆ ಹೋಗಲೇ ಇಲ್ಲ.

ಈಗ ನ್ಯಾಯ ಅನ್ಯಾಯದ ಮಾತು. ಇಷ್ಟೆಲ್ಲಾ ಆದ ಮೇಲೂ, ಒಬ್ಬರಿಗೊಬ್ಬರು ಆಡುವ ಕುಸ್ತಿಯನ್ನು ಶಾಲೆಯ ಗಾತ್ರ ನೋಡಿ ಒಡೆಯಬಾರದು ಅನ್ನೋದೇ ನನ್ನ ಅಭಿಪ್ರಾಯ. ಫುಟ್‌ಬಾಲ್‌ನಲ್ಲಿ ದೊಡ್ಡ ಶಾಲೆಗೆ ಆಟಗಾರರು ಜಾಸ್ತಿ, ಅಲ್ಲಿ ಗಾತ್ರ ನೋಡಲೇಬೇಕು. ಕುಸ್ತಿಯಲ್ಲಿ ಮ್ಯಾಟಿನ ಮೇಲೆ ಇರೋದು ಇಬ್ಬರೇ, ಅವರನ್ನು ತಕ್ಕಡಿ ಆಗಲೇ ಸಮ ಮಾಡಿದೆ. ಮೈಸೂರಿನಲ್ಲಿ ದಸರಾಕ್ಕೆ ಮೊದಲು ಜೋಡಿ ಕಟ್ಟುವುದನ್ನು ನೀನೂ ಕೇಳಿರುತ್ತೀಯ. ಇಬ್ಬರು ಪೈಲ್ವಾನರನ್ನು ಎದುರಾಬದುರಾ ನಿಲ್ಲಿಸಿ, ಮೈಕಟ್ಟು ನೋಡಿ, ಕೈ ಕೊಡಿಸುತ್ತಾರೆ. ನಿನ್ನ ಗರಡಿಯಲ್ಲಿ ಎಷ್ಟು ಜನ ಇದ್ದಾರೆ ಅಂತ ಯಾರೂ ಕೇಳುವುದಿಲ್ಲ. ನ್ಯೂಜೆರ್ಸಿಯ ಜೊತೆ ಇಂಡಿಯಾನಾ, ಕ್ಯಾಲಿಫೋರ್ನಿಯಾಗಳಲ್ಲೂ ಹೀಗೇ, ಒಂದು ತೂಕಕ್ಕೆ ರಾಜ್ಯಕ್ಕೆಲ್ಲಾ ಒಬ್ಬನೇ ಚಾಂಪಿಯನ್. ಅಟ್ಲಾಂಟಿಕ್ ಸಿಟಿಯ ಬೋರ್ಡ್‌ವಾಕ್ ಹಾಲ್‌ನಲ್ಲಿ ಒಂದು ಸಲ ನಮ್ಮ ರಾಜ್ಯದ ಫೈನಲ್ ನೋಡು. ಸಣ್ಣ ಊರಿನ ಹುಡುಗ ಗೆದ್ದರೆ ಅಲ್ಲಿ ಏಳುವ ಕೂಗೇ ಬೇರೆ. ಅಯೋವಾ, ಒಹಾಯೋದವರು ಮೂರು ಭಾಗ ಮಾಡಿದ್ದಾರೆ. ಅಲ್ಲಿ ಜಾಸ್ತಿ ಮಕ್ಕಳಿಗೆ ಪದಕ ಸಿಗುತ್ತದೆ, ಅದೂ ಸಣ್ಣ ವಿಷಯವಲ್ಲ. ಆದರೆ ಗೆದ್ದ ಮೂವರಲ್ಲಿ ನಿಜವಾದ ಗಟ್ಟಿಗ ಯಾರು ಅನ್ನೋದು ಹಾಗೇ ಉಳಿಯುತ್ತದೆ.

ತಂಡದ ಮಾತು ಬೇರೆ. ಸಣ್ಣ ಶಾಲೆಗೆ ಹದಿನಾಲ್ಕು ತೂಕ ತುಂಬಿಸುವುದೇ ಕಷ್ಟ, ಒಂದೊಂದು ಖಾಲಿ ಜಾಗಕ್ಕೂ ಆರು ಪಾಯಿಂಟ್ ಹೋಗುತ್ತದೆ. ಅದಕ್ಕೇ ಇಲ್ಲಿ ತಂಡಗಳನ್ನು ಮಕ್ಕಳ ಸಂಖ್ಯೆ ನೋಡಿ ಗ್ರೂಪ್ 1ರಿಂದ 5ರವರೆಗೆ ಹಂಚಿದ್ದಾರೆ, ಖಾಸಗಿ ಶಾಲೆಗಳಿಗೆ ಬೇರೆ ಎರಡು ಗುಂಪು. ಇದು ಸರಿಯಾದ ಕ್ರಮ. ಅಲ್ಲದೆ ಗಾತ್ರ ಒಂದೇ ಎಲ್ಲವನ್ನೂ ಹೇಳುವುದಿಲ್ಲ. ಕುಸ್ತಿಯಲ್ಲಿ ದೊಡ್ಡ ಹೆಸರಿರುವ ಡೆಲ್ಬಾರ್ಟನ್, ಬರ್ಗೆನ್ ಕ್ಯಾಥೊಲಿಕ್ ಅನ್ನೋ ಖಾಸಗಿ ಶಾಲೆಗಳಲ್ಲಿ ಎರಡು ಸಾವಿರ ಮಕ್ಕಳಿಲ್ಲ. ಖಾಸಗಿ ಶಾಲೆಗೆ ಬೇರೆ ಬೇರೆ ಊರಿನ ಮಕ್ಕಳು ಬರಬಹುದು, ಸರ್ಕಾರಿ ಶಾಲೆಗೆ ಸಾಮಾನ್ಯವಾಗಿ ಆ ಊರಿನ ವಿಳಾಸದ ಮಕ್ಕಳು ಮಾತ್ರ.

ಸಣ್ಣ ಶಾಲೆಯ ನಿಜವಾದ ತೊಂದರೆ ಇನ್ನೊಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಜೊತೆಗೆ ಅಭ್ಯಾಸ ಮಾಡಲು ಅದೇ ತೂಕದ ಹುಡುಗರು ಇರುವುದಿಲ್ಲ. ದಿನಾ ತನಗಿಂತ ಹತ್ತು ಕಿಲೋ ಭಾರದವನ ಜೊತೆ ಆಡಿದರೆ ಪಟ್ಟು ಕಲಿಯೋದು ಹೇಗೆ? ಅದಕ್ಕೆ ವಾರಕ್ಕೆ ಎರಡು ದಿನ ಕ್ಲಬ್ಬಿಗೆ ಕರೆದುಕೊಂಡು ಹೋಗಬೇಕಾಗಬಹುದು. ಖರ್ಚಿದೆ, ಡ್ರೈವಿಂಗ್ ಇದೆ. ಆದರೂ ನನ್ನನ್ನು ಕೇಳಿದರೆ, ರೇಟಿಂಗ್ ನೋಡುವ ಮೊದಲು ಕೋಚ್‌ಗೆ ಒಂದು ಇಮೇಲ್ ಹಾಕು. ನಿನ್ನ ಮಗನ ತೂಕದಲ್ಲಿ ಈಗ ಯಾರಿದ್ದಾರೆ, ಅವರು ಯಾವ ಕ್ಲಾಸು, ಅಷ್ಟು ಕೇಳು. ತಪ್ಪು ತಿಳಿಯುವುದಿಲ್ಲ, ಹುಡುಗ ಬರುತ್ತಾನೆ ಅಂದರೆ ಖುಷಿಯೇ ಪಡುತ್ತಾರೆ.

ಅಭ್ಯಾಸ ಮುಗಿದ ತಕ್ಷಣ ಸ್ನಾನ ಮಾಡಿಸು, ಮ್ಯಾಟಿನಿಂದ ಹುಳುಕಡ್ಡಿ ಬೇಗ ಅಂಟುತ್ತದೆ. ಇನ್ನು ತೂಕ ಇಳಿಸುವ ವಿಚಾರದಲ್ಲಿ ಮಾತ್ರ ಯಾರ ಮಾತೂ ಕೇಳಬೇಡ. 1997ರಲ್ಲಿ ಇಲ್ಲಿ ಮೂವರು ಕಾಲೇಜು ಹುಡುಗರು ತೂಕ ಇಳಿಸಲು ಹೋಗಿ ಸತ್ತರು. ಆಮೇಲೆ ನಿಯಮ ಬಿಗಿ ಮಾಡಿದರು. ಸೀಸನ್‌ಗೆ ಮೊದಲು ಮೈಯಲ್ಲಿ ನೀರಿನಂಶ, ಕೊಬ್ಬು ಎಲ್ಲಾ ಪರೀಕ್ಷೆ ಮಾಡಿ, ಎಷ್ಟು ಇಳಿಸಬಹುದು ಅಂತ ಬರೆದುಕೊಡುತ್ತಾರೆ. ವಾರಕ್ಕೆ ಮೈತೂಕದ ಒಂದೂವರೆ ಪರ್ಸೆಂಟಿಗಿಂತ ಹೆಚ್ಚು ಇಳಿಸುವಂತಿಲ್ಲ. ಹುಡುಗ ಊಟ ಬೇಡ ಅಂದರೆ ಸುಮ್ನೆ ಬಿಡಬೇಡ. ಮಾಂಸ ತಿನ್ನದೆ ಆಗುತ್ತಾ ಅಂತ ಕೇಳಿದ್ದೀಯ. ಆಗುತ್ತದೆ. ಮೊಸರು, ಕಾಳು, ಕಡಲೆಕಾಯಿ ಎಲ್ಲಾ ಸಿಗುತ್ತದೆ, ರಾಗಿ ಹಿಟ್ಟೂ ಸಿಗುತ್ತದೆ.

ಮನೆ ಗೊತ್ತಾದ ಮೇಲೆ ಯಾವ ಶಾಲೆ ಅಂತ ತಿಳಿಸು. ಪಂದ್ಯಗಳು ಡಿಸೆಂಬರ್‌ನಲ್ಲಿ ಶುರು. ಮೊದಲ ಪಂದ್ಯಕ್ಕೆ ನಾನೂ ಬರುತ್ತೇನೆ, ಅವನು ಯಾವ ತಂಡದಲ್ಲಿದ್ದರೂ ಸರಿ. ಚಿತ್ರಾನ್ನ ಕಟ್ಟಿಕೊಂಡು ಬರುತ್ತೇನೆ, ತೂಕ ನೋಡಿದ ಮೇಲೆ ನಾಲ್ಕು ತುತ್ತು ತಿನ್ನಲಿ.