ಅಜ್ಜಿಯ ಮನೆಯ ರಜೆ: ಯಾರ ನೆನಪು ಸರಿ?

ಪ್ರಶ್ನೆ: ರಜೆಯಲ್ಲಿ ನಾನೂ ಅಣ್ಣನೂ ಹಳ್ಳಿಯಲ್ಲಿದ್ದ ಅಜ್ಜಿಯ ಮನೆಗೆ ಹೋಗುತ್ತಿದ್ದೆವು. ಬಾವಿಗೆ ಬಿದ್ದ ಕರುವನ್ನು ಅಜ್ಜಿ ಹಗ್ಗ ಕಟ್ಟಿ ಮೇಲೆತ್ತಿಸಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಆಗ ನಿನಗೆ ಎರಡೇ ವರ್ಷ, ನೆನಪಿರಲು ಸಾಧ್ಯವಿಲ್ಲ ಎನ್ನುತ್ತಾನೆ ಅಣ್ಣ. ನನ್ನದು ಸುಳ್ಳು ನೆನಪೇ?

ಉತ್ತರ: ‘ಸುಳ್ಳು’ ಎಂಬ ಮಾತನ್ನು ಮೊದಲು ಬಿಡಿ. ಮೂರು ವರ್ಷಕ್ಕೆ ಮುಂಚಿನ ಘಟನೆಗಳು ದೊಡ್ಡವರಾದ ಮೇಲೆ ನೆನಪಿರುವುದು ಅಪರೂಪ. ಅಷ್ಟರಮಟ್ಟಿಗೆ ಅಣ್ಣನ ಮಾತಿನಲ್ಲಿ ಹುರುಳಿದೆ. ಅಜ್ಜಿಯ ಬಾಯಲ್ಲಿ ಕೇಳಿ ಕೇಳಿ ಅದು ನೀವೇ ಕಂಡ ದೃಶ್ಯವಾಗಿರಬಹುದು. ಹಾಗಿದ್ದರೆ ನಿಮಗೆ ಉಳಿದಿರುವುದು ಅಜ್ಜಿ ಕಥೆ ಹೇಳಿದ ಸಂಜೆಗಳು. ಅದೇನು ಕಡಿಮೆಯೇ?

ನೆನಪೆಂಬುದು ಪೆಟ್ಟಿಗೆಯಲ್ಲಿಟ್ಟ ಫೋಟೊ ಅಲ್ಲ. ನೆನೆದಾಗಲೆಲ್ಲ ಮನಸ್ಸು ಅದನ್ನು ಹೊಸದಾಗಿ ಕಟ್ಟುತ್ತದೆ, ಕಟ್ಟುವಾಗ ಇತರರ ಮಾತೂ ಸೇರಿಕೊಳ್ಳುತ್ತದೆ. ಆದ್ದರಿಂದ ಅಣ್ಣನೊಡನೆ ವಾದಕ್ಕೆ ಇಳಿಯುವ ಮೊದಲು ಇಬ್ಬರೂ ಬೇರೆ ಬೇರೆ ಕುಳಿತು ಬರೆಯಿರಿ. ದೊಡ್ಡ ಘಟನೆಗಳು ಬೇಡ. ಏಣಿ ಎಲ್ಲಿ ಒರಗಿತ್ತು, ಯಾವ ಬಾಗಿಲು ಕಿರುಗುಟ್ಟುತ್ತಿತ್ತು, ಅಂಥವು. ನನ್ನ ಅಜ್ಜನ ಕನ್ನಡಕದ ಒಂದು ಕಾಲಿಗೆ ಕಪ್ಪು ದಾರ ಸುತ್ತಿತ್ತು. ಅವರ ಮುಖಕ್ಕಿಂತ ಆ ದಾರದ ಗಂಟೇ ನನಗೆ ಸ್ಪಷ್ಟ. ಹಳೆಯ ಹೊದಿಕೆಯೇನಾದರೂ ಉಳಿದಿದ್ದರೆ ಮೂಸಿ ನೋಡಿ. ವಾಸನೆಗೂ ಮಿದುಳಿನಲ್ಲಿ ನೆನಪು, ಭಾವನೆಗಳನ್ನು ನೋಡಿಕೊಳ್ಳುವ ಭಾಗಗಳಿಗೂ ಬಹಳ ಹತ್ತಿರದ ನಂಟು.

ಅಜ್ಜಿ ಇನ್ನೂ ಇದ್ದರೆ ಈ ವಾರವೇ ಹೋಗಿ, ಆ ಕರುವಿನ ಬಣ್ಣ ಯಾವುದಿತ್ತೆಂದು ಕೇಳಿ.