ಶುಗರ್ ಇರೋರ ಮನೆಗೆ ಯಾವ ಪುಸ್ತಕ?

ಪ್ರಶ್ನೆ: ಡಾಕ್ಟ್ರೇ, ನಮ್ಮಮ್ಮಂಗೆ 68 ವರ್ಷ, 12 ವರ್ಷದಿಂದ ಶುಗರ್ ಇದೆ, ಎರಡು ತಿಂಗಳಿಂದ ಮಾತ್ರೆ ಜೊತೆ ಇನ್ಸುಲಿನ್ನೂ ಶುರುವಾಗಿದೆ. ನಾನು, ನನ್ ಹೆಂಡ್ತಿ ಇಬ್ರೂ ಎಂಟೂವರೆಗೆ ಕೆಲ್ಸಕ್ಕೆ ಹೊರಟ್ರೆ ಮನೇಲಿ ಅಮ್ಮ ಒಬ್ರೇ. ಹನ್ನೊಂದು ಗಂಟೆ ಹೊತ್ತಿಗೆ ಕದ್ದು ಬೆಲ್ಲ ತಿಂತಾರೆ ಅಂತ ಪಕ್ಕದ್ಮನೆ ಆಂಟಿ ಹೇಳಿದ್ರು, ಬೈದ್ರೆ ಎರಡು ದಿನ ಮಾತೇ ಆಡಲ್ಲ. ಒಂದು ಒಳ್ಳೆ ಪುಸ್ತಕ ಓದಿ ತಿಳ್ಕೊಳೋಣ ಅಂತ ಅಂಗಡಿಗೆ ಹೋದ್ರೆ ಅಲ್ಲಿ ಒಂದು ಕಪಾಟು ತುಂಬ ಇದಾವೆ. ಯಾವ್ದು ತಗೊಳ್ಳೋದು?

ಉತ್ತರ: ಮೊದ್ಲು ಬೈಯೋದು ನಿಲ್ಸಿ. ಬೆಳಿಗ್ಗೆ ಇನ್ಸುಲಿನ್ ತಗೊಂಡು ಎರಡು ಇಡ್ಲೀಲಿ ತಿಂಡಿ ಮುಗ್ಸಿದೋರಿಗೆ ಹನ್ನೊಂದಕ್ಕೆ ಕೈ ನಡುಗಿ, ಬೆವರು ಬಂದು, ಏನಾದ್ರೂ ಬಾಯಿಗೆ ಹಾಕ್ಕೊಂಡ್ರೆ ಸಾಕಪ್ಪಾ ಅನ್ಸಿದ್ರೆ ಅದು ಚಪಲ ಅಲ್ದೇ ಇರಬಹುದು, ಶುಗರ್ ಇಳಿದಿರಬಹುದು. ಒಂದೆರಡು ದಿನ ರಜಾ ಹಾಕಿ ಅದೇ ಹೊತ್ತಿಗೆ ಗ್ಲೂಕೋಮೀಟರಲ್ಲಿ ನೋಡಿ. 70ಕ್ಕಿಂತ ಕೆಳಗಿದ್ರೆ ಅಮ್ಮ ತಿಂದಿದ್ದು ಔಷಧಿನೇ, ಆಮೇಲೆ ಡೋಸ್ ವಿಷ್ಯ ಅವರ ಡಾಕ್ಟರ್ ಹತ್ರ ಮಾತಾಡಿ, ನೀವೇ ಕಮ್ಮಿ ಮಾಡೋಕೆ ಹೋಗ್ಬೇಡಿ.

ಈಗ ಪುಸ್ತಕಕ್ಕೆ ಬರ್ತೀನಿ. ಅಂಗಡೀಲಿ ನಿಂತ್ಕೊಂಡೇ ಶುಗರ್ ಇಳಿದ್ರೆ ಏನ್ಮಾಡ್ಬೇಕು ಅನ್ನೋ ಪುಟ ಹುಡುಕಿ. ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ, ಇನ್ನೂ ಏರದಿದ್ರೆ ಇನ್ನೊಂದ್ಸಲ ಕೊಡಿ, ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ, ಇಷ್ಟು ಸಲೀಸಾಗಿ ಬರೆದಿಲ್ಲ ಅಂದ್ರೆ ಆ ಪುಸ್ತಕ ಎಷ್ಟೇ ದಪ್ಪ ಇರ್ಲಿ ವಾಪಸ್ ಇಟ್ಬಿಡಿ. ಮೂವತ್ತು ದಿನದಲ್ಲಿ ಇನ್ಸುಲಿನ್ ಬಿಡಿ ಅನ್ನೋ ಥರದವು ಇರ್ತಾವಲ್ಲ, ಅವನ್ನ ಕೈಗೂ ತಗೋಬೇಡಿ.

ಫಾರಿನ್ ಪುಸ್ತಕ ಆದ್ರೆ ಇನ್ನೊಂದು ತೊಂದ್ರೆ. ಬ್ರಿಟಿಷ್ ಪುಸ್ತಕದಲ್ಲಿ ಶುಗರ್ 7 ಅಂತಿರುತ್ತೆ, ಗಾಬರಿ ಆಗ್ಬೇಡಿ, ಅದನ್ನ 18ರಿಂದ ಗುಣಿಸಿದ್ರೆ ನಮ್ಮ ಲೆಕ್ಕದ 126. ಅದಕ್ಕಿಂತ ಅಪಾಯ ಸಿರಿಂಜಿಂದು. ಅಮೆರಿಕದ ಪುಸ್ತಕಗಳಲ್ಲಿ ಯು-100 ಸಿರಿಂಜನ್ನೇ ಹೇಳಿರ್ತಾರೆ, ಅಂದ್ರೆ ಒಂದು ಎಂಎಲ್‌ಗೆ 100 ಯೂನಿಟ್ ಇರೋ ಇನ್ಸುಲಿನ್ನಿಗೆ ಗೆರೆ ಹಾಕಿದ್ದು, ನಮ್ಮಲ್ಲಿ ಮೆಡಿಕಲ್ ಶಾಪಲ್ಲಿ ಸಿಗೋ ಸೀಸೆ ಬಹುಪಾಲು ಯು-40, ಎಂಎಲ್‌ಗೆ ಬರೀ 40 ಯೂನಿಟ್, ಅದಕ್ಕೆ ಕೆಂಪು ಕ್ಯಾಪಿನ ಸಿರಿಂಜೇ ಬೇಕು. ನನ್ನತ್ರ ಬಂದಿದ್ದ ಒಬ್ರು ಯು-40 ಸೀಸೆಗೆ ಆರೆಂಜ್ ಕ್ಯಾಪಿನ ಯು-100 ಸಿರಿಂಜಲ್ಲಿ 20ರ ಗೆರೆವರೆಗೆ ಎಳ್ಕೊಂಡು ಚುಚ್ಕೋತಿದ್ರು, ಮೈಗೆ ಹೋಗ್ತಿದ್ದಿದ್ದು 8 ಯೂನಿಟ್, ಶುಗರ್ 300ರಿಂದ ಕೆಳಗೇ ಇಳೀತಿರ್ಲಿಲ್ಲ, ಪಾಪ ಅವರು ಅನ್ನ ಬಿಟ್ಟು ಬಿಟ್ಟು ಸೊರಗಿದ್ರು. ಉಲ್ಟಾ ಆಗಿದ್ರೆ, ಅಂದ್ರೆ ಯು-100 ಇನ್ಸುಲಿನ್ನು ಕೆಂಪು ಕ್ಯಾಪಲ್ಲಿ, 20 ಅಂದ್ಕೊಂಡು 50 ಹೋಗ್ತಿತ್ತು. ಅಮ್ಮಂದು ಇನ್ಸುಲಿನ್ ಪೆನ್ನಾ, ಸಿರಿಂಜಲ್ಲಿ ಎಳ್ಕೊಳೋ ಸೀಸೆನಾ ಅಂತ ಇವತ್ತೇ ನೋಡಿ.

ಪ್ರಿಂಟ್ ಆದ ವರ್ಷಾನೂ ನೋಡಿ. 1918ರಲ್ಲಿ ಬಾಸ್ಟನ್ನಿನ ಡಾಕ್ಟರ್ ಎಲಿಯಟ್ ಜಾಸ್ಲಿನ್ ರೋಗಿಗಳೂ ಓದ್ಲಿ ಅಂತ್ಲೇ ಒಂದು ಕೈಪಿಡಿ ಬರೆದ್ರು, 1922ರಲ್ಲಿ ಟೊರಾಂಟೊದಲ್ಲಿ ಮೊದಲ್ನೇ ಸಲ ರೋಗಿಗೆ ಇನ್ಸುಲಿನ್ ಕೊಟ್ಟಿದ್ದೇ ತಡ, ಅದನ್ನ ತಿದ್ದಿ ಬರೀಬೇಕಾಯ್ತು. ಹಳೇ ಪುಸ್ತಕದಂಗಡೀಲಿ 40 ರೂಪಾಯಿಗೆ ಸಿಕ್ತು ಅಂತ ತಂದ್ಬಿಡ್ಬೇಡಿ.

ಊಟದ ಅಧ್ಯಾಯ ನಮ್ಮ ತಟ್ಟೆ ಬಗ್ಗೆ ಇರ್ಲಿ, ಓಟ್ಸು ಬ್ರೊಕೊಲಿ ಬಗ್ಗೆ ಅಲ್ಲ. ಮುದ್ದೆ ಎಷ್ಟು ಬೇಕಾದ್ರೂ ತಿನ್ಬೋದು ಅಂತ ಬರೆದಿದ್ರೆ ಅನುಮಾನ ಪಡಿ, ರಾಗೀಲೂ ಪಿಷ್ಟ ಇದ್ದೇ ಇದೆ, ಮುದ್ದೆ ಸೈಜೇ ಮುಖ್ಯ. ಕಾಲಿನ ಆರೈಕೆಗೆ ನಾಲ್ಕು ಪುಟನಾದ್ರೂ ಇರ್ಬೇಕು. ಅಕ್ಷರ ದಪ್ಪ ಇದ್ರೆ ಅಮ್ಮನೇ ಓದ್ಕೋತಾರೆ.

ಇನ್ನು ನೀವು ರಾತ್ರಿ ಕೂತು ಎಷ್ಟು ಓದಿದ್ರೂ ಹನ್ನೊಂದು ಗಂಟೆಗೆ ನೀವು ಆಫೀಸಲ್ಲಿರ್ತೀರ. ಶುಗರ್ ಇಳಿಯೋ ಪುಟಾನ ಜೆರಾಕ್ಸ್ ಮಾಡ್ಸಿ ಆ ಪಕ್ಕದ್ಮನೆ ಆಂಟಿಗೆ ಕೊಡಿ, ನಿಮ್ಮನೆ ಸಕ್ಕರೆ ಡಬ್ಬ ಎಲ್ಲಿದೆ ಅಂತಾನೂ ತೋರ್ಸಿಡಿ.